ಕುಂಟು ಕಳೆದುಕೊಂಡ ರೈಲು

ಇಷ್ಟಕ್ಕೆಲ್ಲ ಕಾರಣ ಭಾವಮೈದುನನ ಒಳ್ಳೆಯತನ. ಅವನು ಎಲ್ಲರ ಹಾಗೆ ಸಾಧಾರಣ ಭಾವಮೈದುನನಾಗಿದ್ದರೆ ಅಕ್ಕನ ಮನೆಗೆ ಬಂದವನು ಉಂಡು, ಮಲಗಿ, ಹೋಗುವಾಗ ಭಾವನ ಒಂದು ಒಳ್ಳೆಯ ಅಂಗಿ ಎತ್ತಿಕೊಂಡು ಹೊರಟುಬಿಡುತ್ತಿದ್ದ. ಅಂಗಿ ಹೋದರೆ ಹೋಯಿತು, ಇನ್ನೊಂದು ಹೊಲಿಸಬಹುದು. ಆದರೆ ಇವನು ಕೈಲಾಗುವವನು, ಲೇತ್ ಮೆಷಿನ್ನಿನ ಕೆಲಸಗಾರ, ಮೇಲಾಗಿ ಅಕ್ಕನ ಮೇಲೆ ಪ್ರೀತಿ ಇದ್ದವನು. ಸುಮ್ಮನೆ ಕೂತು ಉಣ್ಣುವುದು ಅವನಿಗೆ ಆಗದು.

ಆ ಅಕ್ಕನ ಗಂಡನನ್ನು ಊರೆಲ್ಲ ರೈಲಣ್ಣ ಎಂದು ಕರೆಯುತ್ತಿತ್ತು. ತಗಡಿನ ಆಟದ ರೈಲು ಮಾಡುವುದು ಅವನಿಗೆ ಅಪ್ಪನಿಂದ ಬಂದ ಕಸುಬು. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಕಿಟಕಿಯ ಕೆಳಗೆ ತಗಡು ಕತ್ತರಿಸುವ ಮೇಜು, ಮಗ್ಗುಲಲ್ಲಿ ಚಕ್ರ ಒತ್ತುವ ಕೈ ಪ್ರೆಸ್ಸು, ಮೂಲೆಯಲ್ಲಿ ಬೆಸುಗೆಯ ಕೆಂಡದೊಲೆ. ಗೋಡೆಯಿಂದ ಗೋಡೆಗೆ ಕಟ್ಟಿದ ತಂತಿಯ ಮೇಲೆ, ಒಗೆದ ಬಟ್ಟೆ ಹರವಿದ ಹಾಗೆ, ಕೆಂಪು ಬಣ್ಣ ಬಳಿದ ಬೋಗಿಗಳು ಒಣಗುತ್ತ ತೂಗುತ್ತಿದ್ದವು. ಒಂದು ಎಂಜಿನ್ನು, ಹಿಂದೆ ಮೂರು ಬೋಗಿ. ಕೀ ಕೊಟ್ಟು ಬಿಟ್ಟರೆ ಒಂದು ಅಂಗಳ ದಾಟುವಷ್ಟು ದೂರ ಓಡುತ್ತಿತ್ತು. ಓಡುತ್ತಿತ್ತು ಎಂಬುದು ದಾಕ್ಷಿಣ್ಯದ ಮಾತು. ಕುಂಟುತ್ತಿತ್ತು.

ಚಕ್ರ ಒತ್ತುವ ಕಬ್ಬಿಣದ ಅಚ್ಚು ಅಪ್ಪನ ಕಾಲದಲ್ಲೇ ಒಂದು ಕಡೆ ಉಬ್ಬಿಕೊಂಡಿತ್ತು. ಹಾಗಾಗಿ ಅದರಿಂದ ಹೊರಬೀಳುವ ಚಕ್ರ ಪೂರ್ತಿ ದುಂಡಗಿರದೆ, ಕೆನ್ನೆಯಲ್ಲಿ ಕಡಲೆಕಾಯಿ ಇಟ್ಟುಕೊಂಡವರ ಮುಖದಂತೆ ಒಂದು ಪಕ್ಕಕ್ಕೆ ಚೂರು ದಪ್ಪ. ಚಕ್ರ ಒಂದು ಸುತ್ತು ಸುತ್ತಿದಾಗೊಮ್ಮೆ ಎಂಜಿನ್ನು ಮೆಲ್ಲಗೆ ಎಡಕ್ಕೆ ಬಾಗಿ, ತಲೆಯಾಡಿಸಿ, ಮತ್ತೆ ನೆಟ್ಟಗಾಗುತ್ತಿತ್ತು. ಗೊರಸಿಗೆ ಕಲ್ಲು ಸಿಕ್ಕಿಸಿಕೊಂಡ ಮೇಕೆ ನಡೆದ ಹಾಗೆ. ರೈಲಣ್ಣನಿಗೆ ಈ ಕುಂಟಿನ ಬಗ್ಗೆ ಒಳಗೊಳಗೇ ನಾಚಿಕೆ. ಊಟಕ್ಕೆ ಕೂತಾಗ ಹೆಂಡತಿಯ ಹತ್ತಿರ ಅದನ್ನು ಹೇಳಿಕೊಂಡು ಪೇಚಾಡುವುದು ಅವನ ಅಭ್ಯಾಸವಾಗಿತ್ತು.

ಆದರೆ ಊರಿನವರಿಗೆ ಆ ಕುಂಟೇ ಗುರುತು. ಪೇಟೆಯಲ್ಲಿ ಬೇರೆ ಕಡೆಯ ತಗಡಿನ ನಕಲಿ ರೈಲುಗಳು ಬಂದು ಬಿದ್ದಾಗ ಜನ ಕೀ ಕೊಟ್ಟು ನೆಲಕ್ಕೆ ಬಿಟ್ಟು ನೋಡುತ್ತಿದ್ದರು. ನೆಟ್ಟಗೆ ಹೋದರೆ ನಕಲಿ, ಕುಂಟಿದರೆ ರೈಲಣ್ಣನದು.

ಇದನ್ನು ಚೆನ್ನಾಗಿ ಅರಿತಿದ್ದವನು ಹಿಂದಿನ ಬೀದಿಯ ಕಾರ್ಬನ್. ಅವನ ನಿಜವಾದ ಹೆಸರು ಅವನ ಹೆಂಡತಿಗೂ ಮರೆತುಹೋಗಿತ್ತು. ಅವನೂ ತಗಡಿನ ರೈಲು ಮಾಡುತ್ತಿದ್ದ. ಆದರೆ ಸ್ವಂತದ್ದೆಂದು ಏನನ್ನೂ ಮಾಡಿದವನಲ್ಲ. ರೈಲಣ್ಣ ಕೆಂಪು ಬಳಿದರೆ ಅವನೂ ಕೆಂಪು, ರೈಲಣ್ಣನ ಕುಂಚ ಕಿಟಕಿಯ ಹತ್ತಿರ ಒಂದು ಹನಿ ಚೆಲ್ಲಿದರೆ ಅವನ ಕುಂಚವೂ ಅಲ್ಲೇ ಒಂದು ಹನಿ ಚೆಲ್ಲುತ್ತಿತ್ತು. ತಳದ ಮುದ್ರೆಯೂ ಅದೇ. ಕುಂಟನ್ನಂತೂ ಇದ್ದ ಹಾಗೇ ಇಳಿಸಿದ್ದ. ಹೀಗಾಗಿ ರೈಲಣ್ಣ ಅವನೊಂದಿಗೆ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಎದುರಿಗೆ ಸಿಕ್ಕರೆ ರೈಲಣ್ಣ ಆಕಾಶ ನೋಡುತ್ತಿದ್ದ. ಕಾರ್ಬನ್ನೂ ಆಕಾಶ ನೋಡುತ್ತಿದ್ದ.

ಆ ದಿನ ಬೆಳಿಗ್ಗೆ, ಎರಡು ದಿನದ ಹಿಂದೆ ತಗಡು ತರಲು ಹೋಗಿದ್ದ ರೈಲಣ್ಣ ಅದರ ಸುರುಳಿಯನ್ನು ಹೆಗಲ ಮೇಲೆ ಹೊತ್ತು, ಪಟ್ಟಣದಿಂದ ಬಂದ ಬಸ್ಸಿಳಿದು ಮನೆಗೆ ಬಂದಾಗ ಬಲು ಖುಷಿಯಲ್ಲಿದ್ದ. ಮಧ್ಯಾಹ್ನ ರೈಲು ನಿಲ್ದಾಣದ ಅಂಗಡಿಯಾಕೆ ಬರುವವಳಿದ್ದಳು. ನಿಲ್ದಾಣದಲ್ಲಿ ಆಟಿಕೆಯ ಅಂಗಡಿ ಅವಳದೊಂದೇ. ಇಡೀ ಒಂದು ಗಾಜಿನ ಕಪಾಟನ್ನು ರೈಲಣ್ಣನ ರೈಲಿಗೆ ಬಿಟ್ಟುಕೊಟ್ಟು, ಮೇಲೆ ಅವನ ಹೆಸರಿನ ಬೋರ್ಡು ಹಾಕಿಸುವುದಾಗಿ ಮಾತು ಕೊಟ್ಟಿದ್ದಳು. ಅಪ್ಪನ ಕಾಲದಿಂದ ಮಾಡಿದರೂ ಇದುವರೆಗೆ ಯಾವ ಅಂಗಡಿಯಲ್ಲೂ ಹೆಸರು ಹಾಕಿರಲಿಲ್ಲ. ಹೆಸರೊಂದು ಮೇಲೇರಿದರೆ ಕಾರ್ಬನ್ ಎಷ್ಟು ಮಾಡಿದರೂ ಕಾರ್ಬನ್ನೇ. ಎಂಜಿನ್ನು, ಬೋಗಿ ಎಲ್ಲ ತಯಾರಿದ್ದವು. ಚಕ್ರ ಜೋಡಿಸುವುದಷ್ಟೇ ಬಾಕಿ.

ಬಾಗಿಲಲ್ಲೇ ಭಾವಮೈದುನ ನಗುತ್ತ ನಿಂತಿದ್ದ.

"ಭಾವ, ಕಣ್ಣು ಮುಚ್ಚಿಕೊಳ್ಳಿ."

"ತಗಡು ಹೊತ್ಕೊಂಡು ಕಣ್ಣು ಮುಚ್ಚಿದ್ರೆ ನಿನ್ನ ತಲೆ ಹೋಗುತ್ತೆ ಮಾರಾಯ. ಏನು ಹೇಳು."

ಒಳಗೆ ಮೇಜಿನ ಮೇಲೆ ಎರಡು ದೊಡ್ಡ ಬುಟ್ಟಿಗಳ ತುಂಬ ರೈಲುಗಳು, ಚಕ್ರ ಜೋಡಿಸಿ, ಎಣ್ಣೆ ಹಾಕಿ, ಒರೆಸಿ ಇಟ್ಟಿದ್ದವು. ರೈಲಣ್ಣನ ಕಣ್ಣು ತುಂಬಿತು. ಭಾವಮೈದುನ ಒಂದಕ್ಕೆ ಕೀ ಕೊಟ್ಟು ನೆಲಕ್ಕೆ ಬಿಟ್ಟ.

ರೈಲು ಹೊರಟಿತು. ಬಾಗಲಿಲ್ಲ, ತಲೆಯಾಡಿಸಲಿಲ್ಲ. ಎಣ್ಣೆ ಸವರಿದ ದಾರದ ಹಾಗೆ ಸರ್ರನೆ ಹೋಗಿ ಹೊಸ್ತಿಲಿಗೆ ಮೂಗು ತಾಗಿಸಿ ನಿಂತಿತು.

"ಅಕ್ಕ ಹೇಳ್ತಿದ್ಲು, ಈ ಕುಂಟಿಂದ ನಿಮಗೆ ಎಷ್ಟು ಸಂಕಟ ಅಂತ," ಎಂದ ಭಾವಮೈದುನ. "ಅಚ್ಚು ನಮ್ಮ ಲೇತಿಗೆ ತಗೊಂಡು ಹೋಗಿ ಕೂದಲೆಳೆ ಲೆಕ್ಕದಲ್ಲಿ ದುಂಡಗೆ ಮಾಡಿಸ್ಕೊಂಡು ಬಂದೆ. ಹಳೇ ಚಕ್ರ ಎಲ್ಲ ಗುಜರಿಯವನಿಗೆ ಹಾಕ್ಬಿಟ್ಟೆ. ನಿಮಗೆ ಇನ್ಮೇಲೆ ಆ ಚಿಂತೆ ಇಲ್ಲ."

ರೈಲಣ್ಣ ಹೆಗಲ ಮೇಲಿನ ತಗಡನ್ನು ಇಳಿಸುವುದನ್ನೂ ಮರೆತು ಹಾಗೇ ಕುಸಿದು ಕುಳಿತ. ನಿಲ್ದಾಣದಾಕೆ ಹಿಂದಿನ ಸಲ ಬಂದಾಗ ಆಡಿದ ಮಾತು ಅವನ ಕಿವಿಯಲ್ಲಿ ಗುಂಯ್‌ಗುಟ್ಟತೊಡಗಿತು. 'ನೋಡಿ, ನೆಟ್ಟಗೆ ಓಡೋ ರೈಲು ತಂದು, ಇದು ರೈಲಣ್ಣನ ಹೊಸ ಮಾದರಿ ಅಂತ ಟೋಪಿ ಹಾಕೋಕೆ ಬಂದವರನ್ನ ಮೆಟ್ಟಿಲಿಂದಲೇ ಓಡಿಸಿದ್ದೀನಿ. ಕುಂಟದೇ ಇರೋದು ನನ್ನ ಅಂಗಡಿ ಒಳಗೆ ಬರೋ ಹಾಗಿಲ್ಲ.'

"ಭಾವನಿಗೆ ಸಂತೋಷ ತಡ್ಕೊಳ್ಳೋಕೆ ಆಗ್ತಿಲ್ಲ ಅಕ್ಕ, ನೀರು ತಗೊಂಡು ಬಾ," ಎಂದ ಭಾವಮೈದುನ.

ಹೆಂಡತಿ ನೀರು ತಂದಳು. ಗಂಡನ ಮುಖ ನೋಡಿದವಳಿಗೆ ಇದು ಸಂತೋಷದ ಬಾಬತ್ತಲ್ಲ ಎಂದು ಗೊತ್ತಾಯಿತು. ತಮ್ಮನ ಕೈಗೆ ಅವನ ಚೀಲ ಕೊಟ್ಟು, "ನಿನಗೆ ಬಸ್ಸಿಗೆ ಹೊತ್ತಾಯ್ತು ನೋಡು," ಎಂದು ನಯವಾಗಿ ಸಾಗಹಾಕಿದಳು. ಭಾವನ ಕೆಲಸಕ್ಕೆ ಬಂದೆನೆಂಬ ತೃಪ್ತಿಯಲ್ಲಿ ಅವನು ಶಿಳ್ಳೆ ಹಾಕುತ್ತ ಹೋದ.

"ನಿಜ ಹೇಳಿಬಿಡಿ ಆಕೆಗೆ," ಎಂದಳು ಹೆಂಡತಿ.

"ಏನಂತ? ಭಾವಮೈದುನ ಸರಿ ಮಾಡಿದ ಅಂತಾನಾ? ನಕಲಿ ಮಾಡೋರೆಲ್ಲ ಹೇಳೋದು ಅದೇ ಅಲ್ವೇನೇ?"

ರೈಲಣ್ಣ ಅಂಗಿಯ ತೋಳು ಮಡಚಿದ. ಮೂವತ್ತು ವರ್ಷ ಬೇಡವೆಂದರೂ ಬಂದ ಕುಂಟು, ಇವತ್ತು ಬೇಕೆಂದರೆ ಬಾರದೆ ಎಲ್ಲಿ ಹೋದೀತು. ಒಂದು ರೈಲು ತೆಗೆದುಕೊಂಡು ಚಕ್ರಕ್ಕೆ ಸುತ್ತಿಗೆಯಿಂದ ಒಂದು ಮಿದು ಏಟು ಹಾಕಿದ. ಕೀ ಕೊಟ್ಟು ಬಿಟ್ಟ. ಅದು ಎರಡು ಹೆಜ್ಜೆ ಹೋಗಿ ಮಗ್ಗುಲಾಗಿ ಬಿದ್ದು, ಕಾಲು ಮೇಲೆ ಮಾಡಿದ ಜಿರಳೆಯಂತೆ ಚಕ್ರ ಆಡಿಸುತ್ತ ಮಲಗಿತು. ಇನ್ನೊಂದರ ಚಕ್ರಕ್ಕೆ ಅರ ಹಾಕಿ ಉಜ್ಜಿದ. ಅದು ನೆಲದ ಮೇಲೆ ಬಾಲ ಹಿಡಿಯಲು ಹೊರಟ ನಾಯಿಯ ಹಾಗೆ ಸುತ್ತತೊಡಗಿತು. ಮೂರನೆಯದಕ್ಕೆ ಒಂದು ಹನಿ ಬೆಸುಗೆ ಅಂಟಿಸಿದ. ಅದು ಕಪ್ಪೆಯಂತೆ ಕುಪ್ಪಳಿಸುತ್ತ ಹೊಸ್ತಿಲು ದಾಟಿ ಬೀದಿಗೇ ಹೋಯಿತು.

ಬೀದಿಗೆ ಹೋದದ್ದೇ ತಪ್ಪಾಯಿತು. ಪಕ್ಕದ ಟೈಲರ್, ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಕಿಕೊಂಡೇ, ಅದನ್ನು ಎತ್ತಿಕೊಂಡು ಒಳಗೆ ಬಂದ.

"ಏನು ರೈಲಣ್ಣ, ರೈಲಿಗೆ ಜ್ವರ ಬಂದ ಹಾಗಿದೆ?"

ವಿಷಯ ಹೇಳದೆ ವಿಧಿಯಿರಲಿಲ್ಲ. ಟೈಲರ್ ಪೂರ್ತಿ ಕೇಳಿ, ತನ್ನ ಮಗಳ ಹಳೆಯ ರೈಲನ್ನು ಮನೆಯಿಂದ ತಂದು ನೆಲಕ್ಕೆ ಬಿಟ್ಟ. ಅದು ಹಿಂದಿನಂತೆಯೇ ಬಾಗಿ, ತಲೆಯಾಡಿಸಿ, ಬಾಗಿ, ತಲೆಯಾಡಿಸಿ ಹೋಯಿತು. ಎಲ್ಲರೂ ನಿಟ್ಟುಸಿರಿಟ್ಟರು. ತನ್ನ ಕುಂಟು ಇಷ್ಟು ಚಂದವಿತ್ತೆಂದು ರೈಲಣ್ಣನಿಗೆ ಹೊಳೆದದ್ದು ಆಗಲೇ.

"ಇದು ಅಳತೆಯ ವಿಷಯ," ಎಂದ ಟೈಲರ್. ಟೇಪು ತೆಗೆದು ಚಕ್ರದ ಸುತ್ತ ಹಿಡಿಯಲು ನೋಡಿದ. ಚಕ್ರ ಕಾಸಿನಗಲ, ಟೇಪು ಬೆರಳಗಲ. "ನನ್ನ ಹತ್ರ ಸೊಂಟದ ಅಳತೆ ಆದರೆ ಗ್ಯಾರಂಟಿ. ಇದು ಸ್ವಲ್ಪ ಸೂಕ್ಷ್ಮ."

ಅಷ್ಟರಲ್ಲಿ ಎದುರುಮನೆಯ ಅಜ್ಜಿ ಕೋಲೂರಿಕೊಂಡು ಬಂದಿದ್ದಳು. ಬೀದಿಯಲ್ಲಿ ಏನೇ ನಡೆದರೂ ತನ್ನನ್ನು ಕೇಳದೆ ನಡೆಯಬಾರದೆಂಬುದು ಅವಳ ನಿಯಮ.

"ಕುಂಟೋದು ನಿಮಗೇನು ಗೊತ್ತು ಮಕ್ಕಳಾ? ನನ್ನನ್ನ ಕೇಳಿ. ಇಪ್ಪತ್ತು ವರ್ಷದಿಂದ ಕುಂಟ್ತಿದ್ದೀನಿ." ಅಜ್ಜಿ ಕೋಲನ್ನು ಟೈಲರನ ಕೈಗೆ ಕೊಟ್ಟು, ಸೀರೆ ಸ್ವಲ್ಪ ಎತ್ತಿ ಹಿಡಿದು ಕೋಣೆಯ ಈ ತುದಿಯಿಂದ ಆ ತುದಿಗೆ ನಡೆದಳು. "ನೋಡಿದ್ರಾ? ಭಾರ ಹಿಮ್ಮಡಿಗೆ ಬೀಳಬೇಕು. ನಿನ್ನ ರೈಲು ಮುಂಗಾಲಲ್ಲಿ ಕುಂಟ್ತಿದೆ. ಅದು ಕುಂಟಲ್ಲ, ನಾಟಕ."

"ಇಲ್ಲ ಅಜ್ಜಿ, ರೈಲು ಎಡಕ್ಕೆ ಬಾಗುತ್ತೆ. ನೀವು ಬಲಕ್ಕೆ ಬಾಗ್ತೀರಿ," ಎಂದ ಟೈಲರ್.

"ಹಾಗಾದ್ರೆ ನೀನು ನಡೆದು ತೋರಿಸು."

ಟೈಲರ್ ನಡೆದು ತೋರಿಸಿದ. ಅಜ್ಜಿ ಅವನ ಮೊಣಕಾಲಿಗೆ ಕೋಲಿನಿಂದ ತಟ್ಟಿ ತಿದ್ದಿದಳು. ಅವನ ಹಿಂದೆ ರೈಲಣ್ಣನೂ ನಡೆದ. ಕೋಣೆ ಸಾಲದೆ ಮೂವರೂ ಬೀದಿಗಿಳಿದರು. ಮುಂದೆ ಅಜ್ಜಿ, ನಡುವೆ ಟೈಲರ್, ಹಿಂದೆ ರೈಲಣ್ಣ, ಮೂರು ಬೋಗಿಯ ಹಾಗೆ ಸಾಲಾಗಿ ಕುಂಟುತ್ತ ಹೋಗುವುದನ್ನು ಕಂಡ ಅಂಚೆಯವನು ಸೈಕಲ್ಲಿನಿಂದ ಇಳಿದು, "ಬೀದಿಯಲ್ಲಿ ಏನಾದ್ರೂ ಗಾಜು ಬಿದ್ದಿದೆಯಾ?" ಎಂದು ಕೇಳಿ, ತನ್ನ ಚಪ್ಪಲಿಯ ತಳ ನೋಡಿಕೊಂಡ.

ಒಳಗೆ ಬಂದು ರೈಲಣ್ಣ ಮತ್ತೆ ಅರ ಹಿಡಿದ. ನಾಲ್ಕನೆಯ ರೈಲು ಕುಂಟುವ ಬದಲು ನಡುಗಿತು. ಐದನೆಯದು ಹಿಂದಕ್ಕೆ ಹೋಯಿತು. ಹೇಗೆಂದು ಯಾರಿಗೂ ತಿಳಿಯಲಿಲ್ಲ. ಬಿಸಿಲು ನೆತ್ತಿಗೆ ಬಂದಿತ್ತು. ರೈಲಣ್ಣ ತಲೆಯ ಮೇಲೆ ಕೈ ಹೊತ್ತು ಕುಳಿತ. ಹೆಸರಿನ ಬೋರ್ಡು ಅವನ ಕಣ್ಣೆದುರೇ ಅಕ್ಷರ ಅಕ್ಷರವಾಗಿ ಅಳಿಸಿಹೋಗುತ್ತಿತ್ತು.

ಹೆಂಡತಿ ಅಜ್ಜಿಯನ್ನೂ ಟೈಲರನನ್ನೂ ಟೀ ಕೊಡುವ ನೆಪದಲ್ಲಿ ಅಡುಗೆಮನೆಗೆ ಕರೆದುಕೊಂಡು ಹೋಗಿ ಕೂರಿಸಿ, ಮರಳಿ ಬಂದು ಪಿಸುಗುಟ್ಟಿದಳು.

"ಏನ್ರೀ, ನಿಮ್ಮ ಕುಂಟು ಎಲ್ಲೂ ಹೋಗಿಲ್ಲ. ಹಿಂದಿನ ಬೀದಿಯಲ್ಲಿದೆ."

"ಯಾರ ಹತ್ರ?"

"ಇನ್ಯಾರ ಹತ್ರ? ಆ ಕಾರ್ಬನ್ ಹತ್ರ. ಥೇಟ್ ನಿಮ್ಮದೇ, ಚೂರೂ ವ್ಯತ್ಯಾಸ ಇಲ್ಲ ಅಂತ ನೀವೇ ಬೈತಿರ್ತೀರಲ್ಲ."

ರೈಲಣ್ಣನ ಮುಖ ಕೆಂಪಾಯಿತು. "ಅಸಲಿ ಮಾಡೋನು ನಕಲಿಯವನ ಬಾಗಿಲಿಗೆ ಹೋಗಬೇಕಾ?"

"ಬೇಡ ಬಿಡಿ. ಆಕೆ ಬಂದಾಗ ಅಜ್ಜಿ ಕೈಲೇ ಕುಂಟಿಸಿ ತೋರಿಸೋಣ."

ರೈಲಣ್ಣ ಎರಡೂ ಬುಟ್ಟಿಗಳನ್ನು ಎತ್ತಿಕೊಂಡು ಹಿತ್ತಿಲ ಬಾಗಿಲಿನಿಂದ ಹೊರಟ.

ಕಾರ್ಬನ್ನನ ಮನೆಯೊಳಗೆ ಕಾಲಿಟ್ಟ ರೈಲಣ್ಣನಿಗೆ ತನ್ನ ಮನೆಗೇ ವಾಪಸು ಬಂದೆನೇನೋ ಎನಿಸಿತು. ಕಿಟಕಿಯ ಕೆಳಗೆ ಅದೇ ಮೇಜು, ಮಗ್ಗುಲಲ್ಲಿ ಅದೇ ಪ್ರೆಸ್ಸು, ಮೂಲೆಯಲ್ಲಿ ಕೆಂಡದೊಲೆ. ಗೋಡೆಯಲ್ಲಿ ರೈಲಣ್ಣನ ಗೋಡೆಯಲ್ಲಿದ್ದ ಹಾಗೇ ಒಂದು ಬಿರುಕು. ಅದು ತಾನಾಗಿ ಬಿಟ್ಟದ್ದೋ ಬಿಡಿಸಿದ್ದೋ ಕೇಳುವ ಧೈರ್ಯವಾಗಲಿಲ್ಲ. ಕಾರ್ಬನ್, ಸಣ್ಣ ಮೈಯ, ಕನ್ನಡಕದ ಮನುಷ್ಯ, ಎದ್ದು ನಿಂತು ಕೈ ಒರೆಸಿಕೊಂಡ. ಆಕಾಶ ನೋಡೋಣವೆಂದರೆ ಮೇಲೆ ಸೂರು ಅಡ್ಡವಿತ್ತು.

"ಬನ್ನಿ ಅಣ್ಣಾ," ಎಂದ. ಒಂದು ಸ್ಟೂಲು ಮುಂದಕ್ಕೆ ಎಳೆದಿಟ್ಟ. "ಬೈಯೋಕೆ ಬಂದಿದ್ರೆ ಮೊದಲು ಕೂತ್ಕೊಳ್ಳಿ, ಆಮೇಲೆ ಬೈಯಿರಿ."

ದಾರಿಯುದ್ದಕ್ಕೂ ರೈಲಣ್ಣ ಬೇಡುವುದು ಹೇಗೆಂದು ಯೋಚಿಸುತ್ತ ಬಂದಿದ್ದ. ಆದರೆ ಬಾಯಿ ತೆರೆದಾಗ ಮಾನ ಅಡ್ಡ ಬಂತು. ಬಂದ ಮಾತು ಬೇರೆಯೇ ಆಯಿತು.

"ಬೈಯೋಕಲ್ಲ. ನೋಡಪ್ಪ, ನಾನು ಹೊಸ ಮಾದರಿ ತಂದಿದ್ದೀನಿ. ಕುಂಟು ತೆಗೆದುಬಿಟ್ಟೆ. ಇನ್ಮೇಲೆ ನಮ್ಮ ರೈಲು ನೆಟ್ಟಗೆ ಓಡೋದು. ನೀನಿನ್ನೂ ಹಳೇದನ್ನೇ ಕುಟ್ತಾ ಕೂತಿರ್ತೀಯ, ಪಾಪ ಅನ್ನಿಸ್ತು. ಈ ಎರಡು ಬುಟ್ಟಿ ನಿನಗೆ. ನಿನ್ನ ಹತ್ರ ಇರೋ ಕುಂಟೋ ರೈಲೆಲ್ಲ ನನಗೆ ಕೊಟ್ಬಿಡು. ಹಳೇದು ಇನ್ನು ಪೇಟೆಯಲ್ಲಿ ಓಡಾಡೋದು ಬೇಡ."

ಕಾರ್ಬನ್ ಒಂದು ರೈಲನ್ನು ಎರಡೂ ಕೈಯಲ್ಲಿ, ಹುಟ್ಟಿದ ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡ. ಕೀ ಕೊಟ್ಟು ಬಿಟ್ಟ. ಅದು ಸರ್ರನೆ ಹೋಗುವುದನ್ನು ನೋಡಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

"ಅಣ್ಣಾ, ಇಷ್ಟು ವರ್ಷ ನಿಮ್ಮ ಕಿಟಕಿ ಸಂದಿಯಲ್ಲಿ ನೋಡಿ ನೋಡಿ ಕಲಿತೆ. ಆ ಕುಂಟು ಹಿಡಿಯೋಕೆ ಒಂದು ಮಳೆಗಾಲ ಪೂರ್ತಿ ಕೂತಿದ್ದೆ. ಬಂತು ಅಂದ್ರೆ ಹೋಗೋದು, ಹೋಯ್ತು ಅಂದ್ರೆ ಬರೋದು. ಇವತ್ತು ನೀವೇ ಕೈಯಾರೆ ಮಾದರಿ ತಂದು ಕೊಟ್ಟಿದ್ದೀರಿ. ನಾನು ಏನು ಹೇಳಲಿ?"

"ಏನೂ ಹೇಳಬೇಡ. ಬೇಗ ಬುಟ್ಟಿ ತುಂಬಿಸು," ಎಂದ ರೈಲಣ್ಣ. ತನ್ನ ಮಾತನ್ನು ತಾನೇ ಮೆಚ್ಚಿಕೊಂಡಿದ್ದ. ಕೆಲಸವೂ ಆಯಿತು, ಮಾನವೂ ಉಳಿಯಿತು.

ನಿಲ್ದಾಣದಾಕೆ ಹೇಳಿದ ಹೊತ್ತಿಗೆ ಸರಿಯಾಗಿ ಬಂದಳು. ಹಣೆ ಗಂಟಿಕ್ಕಿಕೊಂಡೇ ಇರುವ, ಬಿಗಿ ಜಡೆಯ ಹೆಂಗಸು. ಟೀ ಬೇಡವೆಂದಳು, ಕುರ್ಚಿ ಬೇಡವೆಂದಳು. ಬುಟ್ಟಿಯ ತಳದಿಂದ ಒಂದು ರೈಲು ಎಳೆದು ಕೀ ಕೊಟ್ಟು ನೆಲಕ್ಕೆ ಬಿಟ್ಟು, ತಾನೂ ಕುಕ್ಕುರುಗಾಲಲ್ಲಿ ಕುಳಿತು ಕೆನ್ನೆಯನ್ನು ನೆಲಕ್ಕೆ ತಾಗಿಸುವಷ್ಟು ಬಗ್ಗಿ ನೋಡಿದಳು. ಬಾಗಿಲಲ್ಲಿ ಅಜ್ಜಿ, ಟೈಲರ್ ಕತ್ತು ಚಾಚಿ ನಿಂತಿದ್ದರು.

ರೈಲು ಬಾಗಿತು, ತಲೆಯಾಡಿಸಿತು. ಬಾಗಿತು, ತಲೆಯಾಡಿಸಿತು.

ಆಕೆಯ ಹಣೆಯ ಗಂಟು ಬಿಚ್ಚಿಕೊಂಡಿತು. "ನೋಡಿ, ಇದು ಅಸಲಿ. ಈ ಕುಂಟನ್ನ ಯಾರಿಂದಾದ್ರೂ ನಕಲು ಮಾಡೋಕಾಗುತ್ತಾ?"

"ಎಲ್ಲಿ ಸಾಧ್ಯ ಮೇಡಂ," ಎಂದ ಟೈಲರ್ ಬಾಗಿಲಿನಿಂದಲೇ. ರೈಲಣ್ಣ ನೆಲ ನೋಡಿದ.

"ಬೋರ್ಡು ಬರೆಸೋಕೆ ಹೇಳಿದ್ದೀನಿ. 'ರೈಲಣ್ಣನ ಅಸಲಿ ರೈಲು.' ಬರೋ ವಾರ ರಜೆ ಶುರು, ನಿಲ್ದಾಣದಲ್ಲಿ ಕಾಲಿಡೋಕೆ ಜಾಗ ಇರಲ್ಲ. ಇನ್ನೂ ನಾಲ್ಕು ಬುಟ್ಟಿ ಬೇಕು. ಒಂದೊಂದನ್ನೂ ಹೀಗೇ ಬಿಟ್ಟು ನೋಡಿ ತಗೊಳ್ತೀನಿ. ಒಂದು ನೆಟ್ಟಗೆ ಓಡಿದ್ರೂ ಬೋರ್ಡು ಕೆಳಗಿಳಿಯುತ್ತೆ."

ಆಕೆಯ ಗಾಡಿ ಬೀದಿಯ ತಿರುವು ದಾಟುವವರೆಗೂ ರೈಲಣ್ಣ ಕೈ ಎತ್ತಿಕೊಂಡೇ ನಿಂತಿದ್ದ. ಹೊಟ್ಟೆಗೆ ಹಾಲು ಹೊಯ್ದಂತಾಗಿತ್ತು. ಟೈಲರ್ ಬೆನ್ನು ತಟ್ಟಿದ. ಅಜ್ಜಿ, "ನಾನು ಹೇಳಿದ ಹಾಗೆ ಹಿಮ್ಮಡಿಗೆ ಭಾರ ಹಾಕಿದೆ ಅಲ್ವಾ, ಅದಕ್ಕೇ ಸರಿಹೋಯ್ತು," ಎಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತ ಮನೆಗೆ ಹೋದಳು. ಒಲೆಯ ಮುಂದೆ ಕೂತು ಹೆಂಡತಿ ಕೊಟ್ಟ ಬಿಸಿ ಅನ್ನವನ್ನು ರೈಲಣ್ಣ ಎರಡು ಸಲ ಹಾಕಿಸಿಕೊಂಡು ಉಂಡ.

"ನಾಲ್ಕು ಬುಟ್ಟಿ ಹೇಗೆ ಮಾಡ್ತೀರಿ?" ಎಂದಳು ಅವಳು.

"ನಾನ್ಯಾಕೆ ಮಾಡ್ಲಿ? ನಮ್ಮ ಕುಂಟು ಭದ್ರವಾಗಿ ಹಿಂದಿನ ಬೀದಿಯಲ್ಲಿದೆ. ಎಂಜಿನ್ನು, ಬೋಗಿ ನನ್ನದು, ಚಕ್ರ ಅವನದು. ನಾಳೆಯಿಂದ ಅವನೇ ಒತ್ತಿಕೊಡ್ಲಿ. ಮನುಷ್ಯ ಕೆಟ್ಟವನಲ್ಲ ಕಣೇ. ಸುಮ್ನೆ ಇಷ್ಟು ವರ್ಷ ಆಕಾಶ ನೋಡಿದೆ."

ಹೊತ್ತು ಇಳಿಯುವಾಗ ರೈಲಣ್ಣ ಈ ಸಲ ಮುಂಬಾಗಿಲಿನಿಂದಲೇ ಹೊರಟು, ಬೀದಿಯುದ್ದಕ್ಕೂ ಕಂಡವರನ್ನೆಲ್ಲ ಮಾತನಾಡಿಸುತ್ತ ಕಾರ್ಬನ್ನನ ಮನೆಗೆ ಹೋದ. ಒಳಗೆ ಬಾಗಿಲಿನವರೆಗೂ ಕಬ್ಬಿಣದ ಪುಡಿ ಹರಡಿತ್ತು. ಕಾರ್ಬನ್ನನ ಹುಬ್ಬು, ಮೀಸೆ, ಕನ್ನಡಕ ಎಲ್ಲ ಬೂದು ಬಣ್ಣವಾಗಿ, ಅದರೊಳಗಿಂದ ಎರಡು ಕಣ್ಣು ಮಾತ್ರ ಹೊಳೆಯುತ್ತಿದ್ದವು.

"ನಿಮ್ಮ ದಾರೀನೇ ಕಾಯ್ತಿದ್ದೆ ಅಣ್ಣಾ."

"ನಾನೂ ಒಂದು ಮಾತು ಹೇಳೋಕೆ ಬಂದೆ. ಆ ನಿನ್ನ ಉಬ್ಬಿರೋ ಅಚ್ಚು ಇದೆಯಲ್ಲ, ಚಕ್ರದ್ದು..."

"ಅದನ್ನೇ ಅಣ್ಣಾ, ನೀವು ಹೋದಾಗಿಂದ ಅರದಲ್ಲಿ ಉಜ್ಜಿದ್ದು. ತುತ್ತು ಅನ್ನ ಬಾಯಿಗೆ ಹಾಕಿಲ್ಲ." ಕಾರ್ಬನ್ ಕೈ ಚಾಚಿದ. ಅಂಗೈಯಲ್ಲಿ ಅಚ್ಚು ಹುಣ್ಣಿಮೆಯ ಚಂದ್ರನ ಹಾಗೆ ದುಂಡಗಿತ್ತು. "ಹಳೇದು ಇನ್ನು ಬೇಡ ಅಂದ್ರಲ್ಲ ನೀವು. ಅಸಲಿಯವರೇ ಕುಂಟು ಬಿಟ್ಟ ಮೇಲೆ ನಾನು ಅದನ್ನೇ ಹಿಡ್ಕೊಂಡು ಕೂತ್ರೆ ಜನಕ್ಕೆ ಮೋಸ ಮಾಡಿದ ಹಾಗಾಗಲ್ವಾ?"

ಕಾರ್ಬನ್ ಆಗತಾನೆ ಚಕ್ರ ಜೋಡಿಸಿದ ತನ್ನದೊಂದು ರೈಲಿಗೆ ಕೀ ಕೊಟ್ಟು ನೆಲಕ್ಕೆ ಬಿಟ್ಟ. ಅದು ಬಾಗಲಿಲ್ಲ, ತಲೆಯಾಡಿಸಲಿಲ್ಲ. ಕಬ್ಬಿಣದ ಪುಡಿಯಲ್ಲಿ ಎರಡು ನೆಟ್ಟನೆ ಗೆರೆ ಎಳೆಯುತ್ತ ಸರ್ರನೆ ಬಂದು ರೈಲಣ್ಣನ ಕಾಲಿಗೆ ತಾಗಿ ನಿಂತಿತು.

"ಎಲ್ಲಾದ್ರೂ ತಪ್ಪಿದ್ರೆ ಹೇಳಿ ಅಣ್ಣಾ. ಸಂಕೋಚ ಬೇಡ. ತಿದ್ದಿಕೊಳ್ತೀನಿ."

ರೈಲಣ್ಣ ನೆಲದ ಮೇಲೆ ಕುಳಿತು ರೈಲನ್ನು ಎತ್ತಿಕೊಂಡ. ಒಂದೊಂದೇ ಚಕ್ರವನ್ನು ಬೆರಳಿನಿಂದ ತಿರುಗಿಸಿದ, ಬೆಳಕಿಗೆ ಹಿಡಿದ, ಕಿವಿಯ ಹತ್ತಿರ ತಂದ. ಜೀವಮಾನವಿಡೀ ಕಾರ್ಬನ್ನನ ಕೆಲಸದಲ್ಲಿ ತಪ್ಪು ಹುಡುಕಿದ್ದ. ಇಷ್ಟು ಆಸೆಯಿಂದ ಎಂದೂ ಹುಡುಕಿರಲಿಲ್ಲ. ಒಂದು ಕೂದಲೆಳೆಯಷ್ಟು ಉಬ್ಬು, ಒಂದು ಸಾಸಿವೆಯಷ್ಟು ಓರೆ ಸಿಕ್ಕಿದ್ದರೂ ಅವನನ್ನು ತಬ್ಬಿಕೊಂಡುಬಿಡುತ್ತಿದ್ದ.

"ಇಲ್ಲ ಕಣಪ್ಪ," ಎಂದ ಕೊನೆಗೆ. "ಎಲ್ಲೂ ಒಂದು ತಪ್ಪಿಲ್ಲ."

ಅಂಥ ಮಾತನ್ನು ರೈಲಣ್ಣನ ಬಾಯಿಂದ ಕೇಳಬೇಕೆಂದು ಕಾರ್ಬನ್ ವರ್ಷಗಟ್ಟಲೆ ಕಾದಿದ್ದ. ಬೂದು ಮೀಸೆಯ ಕೆಳಗೆ ಅವನ ಮುಖವೆಲ್ಲ ಅರಳಿತು.

"ಹಾಗಿದ್ರೆ ನಾಳೆ ಬೆಳಿಗ್ಗೇನೇ," ಎಂದ, "ಮೊದಲ ಬುಟ್ಟಿ ನಿಲ್ದಾಣದ ಅಂಗಡಿಗೆ ತಗೊಂಡು ಹೋಗಿ, ಇದೇ ರೈಲಣ್ಣನ ಹೊಸ ಮಾದರಿ ಅಂತ ತೋರಿಸ್ಕೊಂಡು ಬರ್ತೀನಿ."